ಲಾಂಚರ್ ತೆರೆದ ಹಳೇ ಮನೆ

ನಮ್ಮ ಮನೆಯಲ್ಲಿ ಮಂಚದ ಕೆಳಗೆ ಒಂದು ಕಬ್ಬಿಣದ ಟ್ರಂಕ್ ಇದೆ. ಅದರೊಳಗೆ ಏನೇನಿದೆ ಎಂದು ನನಗಾಗಲಿ ನನ್ನಾಕೆಗಾಗಲಿ ಪೂರ್ತಿ ಗೊತ್ತಿಲ್ಲ. ಪ್ರತಿ ಬೇಸಿಗೆಯಲ್ಲೂ "ಈ ಸಲ ಖಾಲಿ ಮಾಡಿಬಿಡಬೇಕು" ಎಂದು ಹೊರಗೆ ಎಳೆಯುತ್ತೇವೆ. ಎರಡು ಗಂಟೆ ಹಳೇ ಫೋಟೋ ನೋಡುತ್ತೇವೆ. ಆಮೇಲೆ ಮೊದಲಿದ್ದ ಹಾಗೇ ಒಳಗೆ ತಳ್ಳುತ್ತೇವೆ.

ಈ ಸಲ ಟ್ರಂಕ್ ಎಳೆಯುವಾಗ ರಜೆಗೆ ಬಂದಿದ್ದ ಮೊಮ್ಮಗ ಜೊತೆಗಿದ್ದ. ಆರನೇ ಕ್ಲಾಸು ಮುಗಿಸಿದ್ದಾನೆ. ಮದುವೆ ಆಲ್ಬಮ್ಮುಗಳ ನಡುವೆ ಅವನಿಗೊಂದು ಸಿ.ಡಿ. ಸಿಕ್ಕಿತು. ಮೇಲೆ ಮಾರ್ಕರ್ ಪೆನ್ನಿನಲ್ಲಿ "ನಮ್ಮ ಮನೆ" ಎಂದು ಬರೆದಿತ್ತು. ಅಕ್ಷರ ನನ್ನ ಮಗನದು. ಗೃಹಪ್ರವೇಶದ ಫೋಟೋ ಇರಬೇಕು ಎಂದುಕೊಂಡೆ. ಲ್ಯಾಪ್‌ಟಾಪಿನಲ್ಲಿ ಸಿ.ಡಿ. ಹಾಕುವ ಜಾಗವೇ ಇಲ್ಲ. ಬೀದಿ ತುದಿಯ ಫೋಟೋ ಸ್ಟುಡಿಯೋದವರು ಅದರಲ್ಲಿದ್ದದ್ದನ್ನು ಪೆನ್‌ಡ್ರೈವಿಗೆ ಹಾಕಿಕೊಟ್ಟರು. ನೋಡಿದರೆ ಒಂದು ಫೋಟೋನೂ ಇಲ್ಲ. ಇದ್ದದ್ದು ಎರಡೇ ಫೈಲು. ಒಂದು ಪುಟ್ಟ ಟಿಪ್ಪಣಿ, ಇನ್ನೊಂದರ ಹೆಸರು "ಮನೆ", ಕೊನೆಗೆ ಡಾಟ್ ಹಾಕಿ "ವ್ಯಾಡ್". ಎರಡನ್ನೂ ಕೂಡಿಸಿದರೂ ಈಗಿನ ಮೊಬೈಲಿನ ಒಂದು ಫೋಟೋದಷ್ಟು ತೂಕವಿಲ್ಲ.

ಬೆಂಗಳೂರಿನಲ್ಲಿರುವ ಮಗನಿಗೆ ಫೋನ್ ಮಾಡಿದೆ.

"ಅಯ್ಯೋ, ಅದಿನ್ನೂ ಇದೆಯಾ ಅಪ್ಪ? ಅದು ನಮ್ಮ ಚಿಕ್ಕಮಗಳೂರಿನ ಮನೆ. ಪಿಯುಸಿನಲ್ಲಿ ಡೂಮ್ ಆಟಕ್ಕೆ ಅಂತ ನಾನೇ ಕಟ್ಟಿದ್ದು. ಒಂದು ಲಾಂಚರ್ ಹಾಕ್ಕೊಳ್ಳಿ, ತೆರೆಯತ್ತೆ. ಮೀಟಿಂಗ್ ಇದೆ, ಆಮೇಲೆ ಮಾಡ್ತೀನಿ."

ಫೋನ್ ಇಟ್ಟ. ನಾನು ಪೆನ್‌ಡ್ರೈವ್ ಹಿಡಿದು ನಿಂತೇ ಇದ್ದೆ. ಆ ಮನೆಯನ್ನು ನಾವು 2008ರಲ್ಲಿ ಮಾರಿದೆವು. ಈಗ ಅಲ್ಲಿ ಮೂರು ಅಂತಸ್ತಿನ ಅಂಗಡಿ ಸಾಲು ಇದೆ. ಹಂಚಿನ ಮಾಡು, ಜಗಲಿ, ಹಿತ್ತಲಿನ ಬಾವಿ ಯಾವುದೂ ಉಳಿದಿಲ್ಲ. ಡೂಮ್ ಎಂಬ ಹೆಸರು ಕೇಳಿದಾಗ ನನಗೆ ನೆನಪಾದದ್ದು ಮಾತ್ರ ಬೇರೆಯದೇ. ಅದನ್ನು ಆಮೇಲೆ ಹೇಳುತ್ತೇನೆ.

ಸೊಸೆಯ ಷರತ್ತು

ಮೊದಲು ಸೊಸೆಯನ್ನು ಕೇಳಬೇಕಿತ್ತು. ಮಕ್ಕಳ ವಿಷಯದಲ್ಲಿ ಅಜ್ಜಂದಿರು ತಂದೆ ತಾಯಿಗಳ ಬೆನ್ನ ಹಿಂದೆ ಏನೂ ಮಾಡಬಾರದು ಎನ್ನುವುದು ನನ್ನ ನಿಯಮ. ಐಸ್‌ಕ್ರೀಮ್ ಒಂದನ್ನು ಬಿಟ್ಟು.

"ಮಾವ, ಅದು ಗುಂಡು ಹಾರಿಸೋ ಆಟ. ರಕ್ತ, ರಾಕ್ಷಸರು ಎಲ್ಲ ಇರತ್ತೆ. ಅವನಿಗಿನ್ನೂ ಹನ್ನೊಂದು ವರ್ಷ" ಎಂದಳು.

ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಯಾವ ವಯಸ್ಸಿನವರು ಯಾವ ಆಟ ಆಡಬಹುದು ಎಂದು ಗುರುತು ಹಾಕುವ ಮಂಡಳಿಯೊಂದು ಅಮೆರಿಕದಲ್ಲಿ 1994ರಲ್ಲಿ ಶುರುವಾಯಿತು. ಡೂಮ್‌ಗೆ ಅದು ಕೊಟ್ಟಿರುವ ಗುರುತು 17 ವರ್ಷ ಮತ್ತು ಮೇಲ್ಪಟ್ಟವರಿಗೆ ಎಂದು. ಹೀಗಾಗಿ ಒಂದು ಒಪ್ಪಂದವಾಯಿತು. ರಾಕ್ಷಸರಿಲ್ಲದೆ ಮನೆಯೊಳಗೆ ಸುಮ್ಮನೆ ಓಡಾಡಲು ದಾರಿ ಇದ್ದರೆ ತೆರೆಯುವುದು, ಇಲ್ಲದಿದ್ದರೆ ಇಲ್ಲ. ಆಟ ದಿನಕ್ಕೆ ಅರ್ಧ ಗಂಟೆ, ನಾನು ಪಕ್ಕದಲ್ಲೇ ಕೂತಿರಬೇಕು. ನಾನು ಒಪ್ಪಿದೆ. ಮೊಮ್ಮಗ ಮುಖ ಊದಿಸಿಕೊಂಡು ಒಪ್ಪಿದ.

ಆಟವೆಂಬ ಲೆಡ್ಜರು

ಮಕ್ಕಳೇ, ನಿಮಗಿಂತ ನಿಮ್ಮ ಅಪ್ಪಂದಿರಿಗೆ ಈ ಆಟ ಚೆನ್ನಾಗಿ ಗೊತ್ತಿರುತ್ತದೆ. ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ಇಡ್ ಸಾಫ್ಟ್‌ವೇರ್ ಎಂಬ ಒಂದು ಸಣ್ಣ ಕಂಪನಿ. ಅದರಲ್ಲಿದ್ದ ಬೆರಳೆಣಿಕೆಯ ಹುಡುಗರು 1993ರ ಡಿಸೆಂಬರ್ 10ರಂದು ಡೂಮ್ ಬಿಡುಗಡೆ ಮಾಡಿದರು. ಮೊದಲ ಭಾಗ ಪುಕ್ಕಟೆ, ಯಾರು ಬೇಕಾದರೂ ನಕಲು ಮಾಡಿ ಹಂಚಬಹುದಿತ್ತು. ಇಷ್ಟವಾದರೆ ಮಿಕ್ಕ ಎರಡು ಭಾಗಗಳಿಗೆ ದುಡ್ಡು ಕಳಿಸಿ ತರಿಸಿಕೊಳ್ಳಬೇಕು. ಉಪ್ಪಿನಕಾಯಿ ಅಂಗಡಿಯವರು ರುಚಿಗೆ ಒಂದು ಹೋಳು ಕೊಡುವ ಹಾಗೆ. ಆಗಿನ ಸಾಧಾರಣ ಕಂಪ್ಯೂಟರಿನಲ್ಲೂ, ನಾವೇ ಆ ಕೋಣೆಗಳಲ್ಲಿ ಓಡುತ್ತಿದ್ದೇವೆ ಎನ್ನುವಷ್ಟು ವೇಗವಾಗಿ ಅದು ಓಡುತ್ತಿತ್ತು.

ನನಗೆ ಹಿಡಿಸಿದ್ದು ಅದರ ಲೆಕ್ಕ ಇಡುವ ಕ್ರಮ. ಜಾನ್ ಕಾರ್ಮ್ಯಾಕ್ ಎಂಬಾತ ಬರೆದ ಈ ಪ್ರೋಗ್ರಾಮಿನಲ್ಲಿ ಎಂಜಿನ್ ಬೇರೆ, ಸಾಮಾನು ಬೇರೆ. ಚಿತ್ರ, ಸದ್ದು, ಗೋಡೆ, ನಕ್ಷೆ ಎಲ್ಲ ಸಾಮಾನೂ ವ್ಯಾಡ್ ಎಂಬ ಒಂದು ಫೈಲಿನೊಳಗೆ. ಸಾಮಾನೆಲ್ಲಾ ಎಲ್ಲಿದೆ ಎನ್ನುವ ಇಂಗ್ಲಿಷ್ ಪ್ರಶ್ನೆಯ ಮೊದಲಕ್ಷರಗಳಿಂದ ಮಾಡಿದ ಹೆಸರಂತೆ ಅದು. ಆ ಫೈಲಿನ ಮೊದಲ 12 ಬೈಟುಗಳು ಲೆಡ್ಜರಿನ ಮೊದಲ ಪುಟವಿದ್ದ ಹಾಗೆ. ಇದು ಯಾವ ಜಾತಿಯ ಲೆಡ್ಜರು, ಒಳಗೆ ಎಷ್ಟು ಖಾತೆಗಳಿವೆ, ಇಂಡೆಕ್ಸ್ ಯಾವ ಪುಟದಲ್ಲಿದೆ ಎಂದು ಅಲ್ಲಿ ಬರೆದಿರುತ್ತದೆ. ಇಂಡೆಕ್ಸಿನಲ್ಲಿ ಒಂದೊಂದು ಸಾಲೂ 16 ಬೈಟು. ಎಲ್ಲಿದೆ, ಎಷ್ಟು ಉದ್ದ, ಹೆಸರೇನು ಅಷ್ಟೇ. ಹೆಸರಿಗೆ ಎಂಟೇ ಅಕ್ಷರ. ನಾನು ಬ್ಯಾಂಕ್ ಸೇರಿದಾಗ ನಮ್ಮ ಹೆಡ್‌ಕ್ಲಾರ್ಕ್ ಕಲಿಸಿದ ಲೆಡ್ಜರ್ ಪಾಠವೂ ಇದೇ.

ವ್ಯಾಡ್‌ಗಳಲ್ಲಿ ಎರಡು ಜಾತಿ. ಆಟದ ಪೂರ್ತಿ ಸಾಮಾನಿರುವುದು ಐವ್ಯಾಡ್. ಅದು ಮುಖ್ಯ ಲೆಡ್ಜರು. ಯಾರೋ ಆಮೇಲೆ ಸೇರಿಸಿದ್ದು ಪಿವ್ಯಾಡ್. ಅದು ತಿದ್ದುಪಡಿ ವೋಚರ್ ಇದ್ದ ಹಾಗೆ. ಒಂದೇ ಹೆಸರಿನ ಸಾಮಾನು ಎರಡರಲ್ಲೂ ಇದ್ದರೆ ಕೊನೆಗೆ ಬಂದದ್ದೇ ಊರ್ಜಿತ. ಮುಖ್ಯ ಲೆಡ್ಜರನ್ನು ಯಾರೂ ಗೀಚಿ ಹಾಳು ಮಾಡುವ ಹಾಗಿಲ್ಲ. ನನ್ನ ಮಗ ಮಾಡಿದ್ದು ಇಂಥದೊಂದು ಪಿವ್ಯಾಡ್.

ಇನ್ನೊಂದು ವಿಷಯ. ಇಷ್ಟು ಹಳೇ ಆಟ ಈಗಿನ ಕಂಪ್ಯೂಟರಿನಲ್ಲಿ ಹೇಗೆ ಓಡುತ್ತದೆ? 1997ರ ಡಿಸೆಂಬರಿನಲ್ಲಿ ಆ ಕಂಪನಿಯವರು ಎಂಜಿನ್ನಿನ ಮೂಲ ಬರಹವನ್ನೇ ಎಲ್ಲರಿಗೂ ಕೊಟ್ಟುಬಿಟ್ಟರು. 1999ರಲ್ಲಿ ಯಾರು ಬೇಕಾದರೂ ತಿದ್ದಿ ಹಂಚಬಹುದಾದ ಪರವಾನಗಿಯನ್ನೂ ಕೊಟ್ಟರು. ಅಂದಿನಿಂದ ಆಸಕ್ತರು ಅದನ್ನು ಹೊಸ ಹೊಸ ಯಂತ್ರಗಳಿಗೆ ಹೊಂದಿಸುತ್ತಲೇ ಇದ್ದಾರೆ. ಹಾಗೆ ಹೊಂದಿಸಿದ ಎಂಜಿನ್ನುಗಳಲ್ಲಿ ಚಾಕೊಲೇಟ್ ಡೂಮ್ ಒಂದು, ಅದು ಹಳೇ ಆಟವನ್ನು ಇದ್ದ ಹಾಗೇ ತೋರಿಸುತ್ತದೆ. ಜಿಝಡ್‌ಡೂಮ್ ಇನ್ನೊಂದು, ಅದರಲ್ಲಿ ಅನುಕೂಲಗಳು ಜಾಸ್ತಿ. ನಾವು ಆರಿಸಿಕೊಂಡದ್ದು ಎರಡನೆಯದನ್ನು.

ಚಲನ್ ಬರೆದುಕೊಡುವ ಗುಮಾಸ್ತ

ಲಾಂಚರ್ ಎಂದರೇನು ಎಂದು ನನ್ನಾಕೆ ಕೇಳಿದಳು. ಬ್ಯಾಂಕಿಗೆ ಬಂದ ಹಳ್ಳಿಯವರಿಗೆ ಚಲನ್ ಬರೆದುಕೊಡುತ್ತಿದ್ದೆನಲ್ಲ, ಅದೇ ಕೆಲಸ ಎಂದೆ.

ಎಂಜಿನ್ ಕ್ಯಾಶಿಯರ್ ಇದ್ದ ಹಾಗೆ. ಚಲನ್ ಸರಿಯಾಗಿ ತುಂಬಿ ಕೊಟ್ಟರೆ ಮಾತ್ರ ಕೆಲಸ ಮಾಡುತ್ತದೆ. ಯಾವ ಐವ್ಯಾಡ್, ಅದರ ಮೇಲೆ ಯಾವ ಪಿವ್ಯಾಡ್, ಎಷ್ಟನೇ ನಕ್ಷೆ, ಎಷ್ಟು ಕಷ್ಟದ ಹಂತ, ಬೇರೆ ಏನಾದರೂ ವಿಶೇಷ ಸೂಚನೆ ಇದೆಯೇ ಎಂದು ಅದಕ್ಕೆ ಹೇಳಬೇಕು. ಮಗನ ಕಾಲದಲ್ಲಿ ಇದನ್ನೆಲ್ಲ ಕಪ್ಪು ಪರದೆಯ ಮೇಲೆ ಒಂದೇ ಉದ್ದ ಸಾಲಿನಲ್ಲಿ ಟೈಪ್ ಮಾಡಬೇಕಿತ್ತು. ಒಂದು ಅಕ್ಷರ ತಪ್ಪಿದರೆ ಆಟ ಏಳುತ್ತಿರಲಿಲ್ಲ. ಲಾಂಚರಿನಲ್ಲಿ ಖಾನೆಗಳಿರುತ್ತವೆ, ನಾವು ಆರಿಸಿದರೆ ಸಾಕು. ಆ ಉದ್ದ ಸಾಲನ್ನು ಅದೇ ಬರೆದು ಎಂಜಿನ್ನಿಗೆ ದಾಟಿಸುತ್ತದೆ. ತಾನಾಗಿ ಆಟ ಆಡಿಸುವ ಶಕ್ತಿ ಅದಕ್ಕಿಲ್ಲ. ಗುಮಾಸ್ತನ ಹತ್ತಿರ ದುಡ್ಡಿರುವುದಿಲ್ಲವಲ್ಲ, ಹಾಗೆ.

ನಾವು ಹಾಕಿಕೊಂಡ ಲಾಂಚರಿನ ಹೆಸರು ಝಡ್‌ಡಿಎಲ್. ಕೆಲಸ ನಡೆದ ಕ್ರಮ ಹೀಗೆ:

1. ಲ್ಯಾಪ್‌ಟಾಪಿನಲ್ಲಿ "ಆಟ" ಎಂಬ ಒಂದು ಫೋಲ್ಡರ್. ಅದರೊಳಗೆ ಎಂಜಿನ್, ಮುಖ್ಯ ಲೆಡ್ಜರ್, ತಿದ್ದುಪಡಿ ಎಂದು ಮೂರು ಫೋಲ್ಡರ್. ಹೆಸರಿಟ್ಟವನು ನಾನು. ಯಾವ ಕಾಗದ ಯಾವ ಫೈಲಿನಲ್ಲಿ ಎನ್ನುವುದು ಮೊದಲೇ ತೀರ್ಮಾನವಾದರೆ ಅರ್ಧ ಕೆಲಸ ಮುಗಿದ ಹಾಗೆ.

2. ಎಂಜಿನ್ ಮತ್ತು ಲಾಂಚರ್ ಎರಡನ್ನೂ ಅವುಗಳನ್ನು ತಯಾರಿಸಿದವರ ಸ್ವಂತ ತಾಣಗಳಿಂದಲೇ ಇಳಿಸಿಕೊಂಡೆವು. ಎರಡೂ ಪುಕ್ಕಟೆ. ಪುಕ್ಕಟೆ ವಸ್ತುವಿಗೆ ಯಾರಾದರೂ ಕಾರ್ಡ್ ನಂಬರೋ ಒಟಿಪಿಯೋ ಕೇಳಿದರೆ ಕಿಟಕಿ ಮುಚ್ಚಿ ಎದ್ದುಬಿಡಿ. ಇದು ಮಾಜಿ ಬ್ಯಾಂಕ್ ನೌಕರನ ಮಾತು.

3. ಬಂದದ್ದು ಜಿಪ್ ಕಟ್ಟು. ಅದನ್ನು ಮೊದಲು ಬಿಚ್ಚಿ ಫೋಲ್ಡರಿಗೆ ಹಾಕಬೇಕು. ಮೊಮ್ಮಗ ಅವಸರದಲ್ಲಿ ಕಟ್ಟಿನೊಳಗಿಂದಲೇ ಒತ್ತಿದ, ಎಂಜಿನ್ ಗೊಣಗಿ ಮಲಗಿತು. ಬಿಚ್ಚಿದ ಮೇಲೆ ಎದ್ದಿತು.

4. ಐವ್ಯಾಡ್ ಬೇಕಲ್ಲ. ಮೂಲ ಡೂಮ್ ಇಂದಿಗೂ ಮಾರಾಟಕ್ಕಿದೆ, ಅದರ ಐವ್ಯಾಡಿಗೆ ದುಡ್ಡು ಕೊಡಬೇಕು. ಎಂಜಿನ್ ಪುಕ್ಕಟೆ ಎಂದ ಮಾತ್ರಕ್ಕೆ ಸಾಮಾನು ಪುಕ್ಕಟೆ ಆಗುವುದಿಲ್ಲ. ಫ್ರೀಡೂಮ್ ಎಂಬ ತಂಡದವರು ಮಾತ್ರ ಚಿತ್ರ, ಸದ್ದು ಎಲ್ಲವನ್ನೂ ಹೊಸದಾಗಿ ಮಾಡಿ ಉಚಿತವಾಗಿ ಕೊಟ್ಟಿದ್ದಾರೆ. ಗೋಡೆಯ ಚಿತ್ರಗಳ ಹೆಸರುಗಳನ್ನು ಮೂಲದಲ್ಲಿದ್ದ ಹಾಗೇ ಇಟ್ಟಿರುವುದರಿಂದ ಜನ ಮಾಡಿದ ಹಳೇ ನಕ್ಷೆಗಳು ಅದರ ಮೇಲೂ ತೆರೆಯುತ್ತವೆ. ನಾವು ಅದನ್ನೇ ತಂದೆವು.

5. ಲಾಂಚರಿನ ಸೆಟ್ಟಿಂಗ್ಸ್ ಪುಟದಲ್ಲಿ ಎಂಜಿನ್ ಎಲ್ಲಿದೆ, ಐವ್ಯಾಡ್ ಎಲ್ಲಿದೆ ಎಂದು ಒಂದು ಸಲ ತೋರಿಸಿಕೊಟ್ಟೆವು. ಇದು ಬ್ಯಾಂಕಿಗೆ ಮಾದರಿ ಸಹಿ ಕೊಟ್ಟ ಹಾಗೆ, ಮತ್ತೆ ಮತ್ತೆ ಕೊಡಬೇಕಿಲ್ಲ. ಮುಖ್ಯ ಪುಟದಲ್ಲಿ ಮೇಲಧಿಕ ಫೈಲುಗಳ ಖಾನೆಗೆ ಮಗನ "ಮನೆ" ಸೇರಿಸಿದೆವು.

6. ಕೊನೆಯದು ವಿಶೇಷ ಸೂಚನೆಯ ಖಾನೆ. ಒಂದು ಮೈನಸ್ ಗುರುತು ಹಾಕಿ, ಜಾಗ ಬಿಡದೆ ಇಂಗ್ಲಿಷಿನಲ್ಲಿ "ನೋಮಾನ್‌ಸ್ಟರ್ಸ್" ಎಂದು ಬರೆದರೆ ಆ ನಕ್ಷೆಯಲ್ಲಿ ಒಂದು ರಾಕ್ಷಸನೂ ಇರುವುದಿಲ್ಲ. ಈ ಸೂಚನೆ ಮೂಲ ಆಟದಲ್ಲೇ ಇತ್ತು. ಸೊಸೆಯ ಷರತ್ತಿಗೆ ಇದೇ ಉತ್ತರ. ಅವಳಿಗೆ ವಿಡಿಯೋ ಕಾಲ್ ಮಾಡಿ ತೋರಿಸಿಯೇ ಮುಂದೆ ಹೋದೆವು.

ಮೊಮ್ಮಗ ಲಾಂಚ್ ಗುಂಡಿ ಒತ್ತಿದ. ಪರದೆ ಕಪ್ಪಾಯಿತು, ಸಂಗೀತ ಬಂತು, ಬಾಗಿಲು ತೆರೆಯಿತು. ಆದರೆ ಕಂಡದ್ದು ನಮ್ಮ ಮನೆಯಲ್ಲ, ಯಾವುದೋ ಕಾರ್ಖಾನೆ!

ಅರ್ಧ ಗಂಟೆ ತಲೆ ಕೆರೆದುಕೊಂಡೆವು. ಕೊನೆಗೆ ನಾನು ಸಿ.ಡಿ.ಯಲ್ಲಿದ್ದ ಆ ಪುಟ್ಟ ಟಿಪ್ಪಣಿ ತೆರೆದೆ. "ಇದಕ್ಕೆ ಡೂಮ್ ಎರಡು ಬೇಕು, ನಕ್ಷೆ ಒಂದು" ಎಂದು ಮಗ ಅಂದೇ ಬರೆದಿಟ್ಟಿದ್ದ. ಡೂಮ್ ಒಂದರಲ್ಲಿ ನಕ್ಷೆಗಳ ಹೆಸರು ಒಂದು ಬಗೆ, 1994ರ ಡೂಮ್ ಎರಡರಲ್ಲಿ ಇನ್ನೊಂದು ಬಗೆ. ಫ್ರೀಡೂಮಿನಲ್ಲೂ ಅದಕ್ಕೆ ತಕ್ಕಂತೆ ಎರಡು ಐವ್ಯಾಡ್ ಇವೆ. ನಾವು ಮೊದಲನೆಯದನ್ನು ಆರಿಸಿದ್ದೆವು. ಬೇರೆ ಶಾಖೆಯ ಪಾಸ್‌ಬುಕ್ ತಂದು ಈ ಶಾಖೆಯಲ್ಲಿ ಎಂಟ್ರಿ ಕೇಳಿದ ಹಾಗಾಗಿತ್ತು. ಲಾಂಚರಿನಲ್ಲಿ ಎರಡನೆಯದನ್ನು ಆರಿಸಿ ಮತ್ತೆ ಒತ್ತಿದೆವು. ಮಕ್ಕಳೇ, ಜೊತೆಗೆ ಬಂದ ಟಿಪ್ಪಣಿಯನ್ನು ಮೊದಲು ಓದಿ. ದೊಡ್ಡವರೂ ಓದಿ.

ಎರಡೂವರೆ ಅಡಿ ಎತ್ತರದಿಂದ

ಈ ಸಲ ಕಂಡದ್ದು ಜಗಲಿ.

ಬಣ್ಣ ನಮ್ಮ ಮನೆಯದಲ್ಲ. ಗೋಡೆ ಬೂದು ಕಲ್ಲಿನದು, ನೆಲ ಯಾವುದೋ ಲೋಹದ್ದು. ಆದರೆ ಜಗಲಿಗೆ ಮೂರು ಮೆಟ್ಟಿಲು. ಎಡಕ್ಕೆ ಎರಡು ಕಂಬ. ಒಳಗೆ ನಡುಮನೆ, ಬಲಕ್ಕೆ ದೇವರ ಕೋಣೆ, ಅದಕ್ಕೆ ತಗ್ಗಿದ ಬಾಗಿಲು. ಆಚೆ ಊಟದ ಮನೆ, ಅಡುಗೆಮನೆ, ಹಿತ್ತಲು, ಬಾವಿ. ನನ್ನಾಕೆ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದವಳು ಅಲ್ಲೇ ನಿಂತಳು. "ಒಲೆ ಆ ಮೂಲೇಲಿತ್ತು, ಸರಿಯಾಗೇ ಇಟ್ಟಿದಾನೆ" ಎಂದಳು. ಆಮೇಲೆ ಮಾತಾಡಲಿಲ್ಲ.

ಟ್ಯಾಬ್ ಎಂಬ ಕೀ ಒತ್ತಿದರೆ ನಡೆದಾಡಿದ ಜಾಗದ ನಕ್ಷೆ ಗೆರೆಗಳಲ್ಲಿ ಮೂಡುತ್ತದೆ. ಪುರಸಭೆಗೆ ಕೊಟ್ಟಿದ್ದ ನಮ್ಮ ಮನೆಯ ಪ್ಲಾನೇ ಅದು! ಮಗ ಟೇಪ್ ಹಿಡಿದು ಮನೆಯೆಲ್ಲ ಅಳೆಯುತ್ತಿದ್ದದ್ದು ಆಗ ನೆನಪಾಯಿತು. ಶಾಲೆಯ ಪ್ರಾಜೆಕ್ಟ್ ಇರಬೇಕು ಎಂದುಕೊಂಡಿದ್ದೆ.

ಒಂದು ವಿಚಿತ್ರ ಮಾತ್ರ ಇತ್ತು. ಮನೆ ನಾನು ಬಲ್ಲದ್ದಕ್ಕಿಂತ ದೊಡ್ಡದಾಗಿ ಕಾಣುತ್ತಿತ್ತು. ಚಾವಣಿ ಎಲ್ಲೋ ಮೇಲೆ, ಕಿಟಕಿಯ ಅಂಚು ತಲೆಗಿಂತ ಎತ್ತರ. ರಾತ್ರಿ ಮಗ ಫೋನಿನಲ್ಲಿ ಲೆಕ್ಕ ಹೇಳಿದ. ಒಂದು ಅಡಿಗೆ 16 ಮಾನ ಎಂದು ಇಟ್ಟುಕೊಂಡು ಅವನು ಮನೆ ಕಟ್ಟಿದ್ದ. ಆದರೆ ಆಟದೊಳಗಿನ ಮನುಷ್ಯನ ಕಣ್ಣು ನೆಲದಿಂದ 41 ಮಾನ ಮೇಲಿರುತ್ತದೆ. 41ನ್ನು 16ರಿಂದ ಭಾಗಿಸಿ ನೋಡಿ, ಎರಡೂವರೆ ಅಡಿ! ಮೂರು ವರ್ಷದ ಮಗು ಕಾಣುವ ಎತ್ತರದಿಂದ ನಾವು ಆ ಮನೆಯನ್ನು ನೋಡುತ್ತಿದ್ದೆವು. "ಸ್ಕೇಲ್ ತಪ್ಪಾಯ್ತು ಅಪ್ಪ" ಎಂದು ಮಗ ನಕ್ಕ. ಅವನು ಆ ಮನೆಗೆ ಮೊದಲು ಕಾಲಿಟ್ಟಾಗ ಮೂರು ವರ್ಷದವನೇ ಆಗಿದ್ದ.

ನನ್ನ ವಯಸ್ಸಿನವರಿಗೆ ಒಂದು ಕಿವಿಮಾತು. ಇಂಥ ಆಟದಲ್ಲಿ ನಡೆಯುವಾಗ ದೃಶ್ಯ ಮೇಲೆ ಕೆಳಗೆ ತೂಗುತ್ತದೆ, ನನಗೆ ಹತ್ತು ನಿಮಿಷಕ್ಕೇ ಹೊಟ್ಟೆ ತೊಳಸಿತು. ಜಿಝಡ್‌ಡೂಮಿನ ಆಯ್ಕೆಗಳಲ್ಲಿ ಈ ತೂಗಾಟವನ್ನು ಕಡಿಮೆ ಮಾಡಬಹುದು, ಪೂರ್ತಿ ನಿಲ್ಲಿಸಲೂಬಹುದು. ಕೋಣೆಯ ದೀಪ ಹಾಕಿಕೊಂಡು, ಪರದೆಯಿಂದ ಸ್ವಲ್ಪ ದೂರ ಕೂತರೆ ಇನ್ನೂ ವಾಸಿ.

ಟ್ಯಾಲಿ ಆಗದ ಲೆಕ್ಕ

ಗೇಟಿನ ಹತ್ತಿರ ಒಂದು ಸ್ವಿಚ್ ಇತ್ತು. ಅದನ್ನು ಒತ್ತಿದರೆ ನಕ್ಷೆ ಮುಗಿದು ಲೆಕ್ಕದ ಪುಟ ಬರುತ್ತದೆ. ಎಷ್ಟು ವಸ್ತು ಸಿಕ್ಕಿತು, ಎಷ್ಟು ಹೊತ್ತಾಯಿತು, ಗುಟ್ಟಿನ ಜಾಗ ಎಷ್ಟು ಕಂಡಿರಿ ಎಂದು ಅಲ್ಲಿ ಇರುತ್ತದೆ. ನಮ್ಮ ಗುಟ್ಟಿನ ಲೆಕ್ಕದ ಎದುರು ಸೊನ್ನೆ ಶೇಕಡಾ.

ಮೊಮ್ಮಗನಿಗೆ ಅದು ಆಟ. ನನಗೆ ಹಾಗಲ್ಲ. ಮೂವತ್ತಾರು ವರ್ಷ ಬ್ಯಾಂಕಿನಲ್ಲಿದ್ದವನು ನಾನು. ಐದು ಪೈಸೆ ವ್ಯತ್ಯಾಸ ಬಂದರೂ ರಾತ್ರಿ ಹತ್ತರವರೆಗೆ ಕೂತು ಹುಡುಕುತ್ತಿದ್ದವರು ನಾವು. ಮೂರು ದಿನ, ದಿನಕ್ಕೆ ಅರ್ಧ ಗಂಟೆ, ಗೋಡೆ ಗೋಡೆ ತಡಕಿದೆವು. ಬಾವಿಯ ಸುತ್ತ ಒತ್ತಿ ನೋಡಿದೆವು. ದೇವರ ಕೋಣೆಯಲ್ಲಿ ಒತ್ತುವ ಮುಂಚೆ ಮೊಮ್ಮಗ ಚಪ್ಪಲಿ ಬಿಟ್ಟು ಬಂದ!

ನಾಲ್ಕನೇ ದಿನ ನನ್ನ ಕೋಣೆಯ ಪಶ್ಚಿಮದ ಗೋಡೆ ನೋಡುತ್ತಿದ್ದೆ. ಕಲ್ಲಿನ ಚಿತ್ರ ಒಂದು ಕಡೆ ಕೂದಲೆಳೆಯಷ್ಟು ಸರಿದಿತ್ತು. ಅಂಕಿಯೊಂದನ್ನು ಕೆರೆದು ಮೇಲೆ ಬರೆದಾಗ ಲೆಡ್ಜರಿನ ಗೆರೆ ಸರಿಯುತ್ತದಲ್ಲ, ಹಾಗೆ. "ಪುಟ್ಟ, ಅಲ್ಲಿ ಒತ್ತು" ಎಂದೆ. ಗೋಡೆ ಮೇಲೆದ್ದಿತು. ಒಳಗೆ ಕಡಿದಾದ ಮೆಟ್ಟಿಲು. ಮೇಲೆ ಒಂದು ಕತ್ತಲೆ ಕೋಣೆ. ಅದರ ತುದಿಗೆ, ಮಿಣಮಿಣ ದೀಪಗಳ ಒಂದು ಕಂಪ್ಯೂಟರ್.

"ಇದೇನಜ್ಜ?" ಎಂದ ಮೊಮ್ಮಗ.

"ಅಟ್ಟ" ಎಂದೆ.

ಈ ಆಟದ ಎಂಜಿನ್ನಿನಲ್ಲಿ ನಕ್ಷೆಯ ಒಂದೊಂದು ತುಂಡಿಗೂ ಒಂದೇ ನೆಲ, ಒಂದೇ ಚಾವಣಿ. ಒಂದು ಕೋಣೆಯ ಮೇಲೆ ಇನ್ನೊಂದು ಕೋಣೆ ಕಟ್ಟಲು ಆಗುತ್ತಿರಲಿಲ್ಲ. ಹಾಗಾಗಿ ನನ್ನ ಕೋಣೆಯ ಮೇಲಿದ್ದ ಅಟ್ಟವನ್ನು ಮಗ ಗೋಡೆಯ ಆಚೆಗೆ, ಪಕ್ಕದ ಮನೆಯವರ ಕಾಂಪೌಂಡಿನೊಳಗೆ ತಳ್ಳಿದ್ದ. ಅಟ್ಟದಲ್ಲಿ ಕಂಪ್ಯೂಟರ್ ಯಾಕೆ ಎನ್ನುವುದು ಮೊಮ್ಮಗನಿಗೆ ಗೊತ್ತಿಲ್ಲ. ನನಗೆ ಗೊತ್ತು.

1998ರಲ್ಲಿ ಸಿಬ್ಬಂದಿ ಸಾಲ ಮಾಡಿ ಮನೆಗೆ ಕಂಪ್ಯೂಟರ್ ತಂದವನು ನಾನೇ. ಮರುವರ್ಷ ಮಗನ ಎರಡನೇ ಪಿಯುಸಿ. ಮಧ್ಯಂತರ ಪರೀಕ್ಷೆಯ ಗಣಿತದಲ್ಲಿ 58 ಬಂತು. ರಾತ್ರಿ ಒಂದು ಗಂಟೆಗೆ ಎದ್ದು ನೋಡಿದರೆ ಪರದೆಯ ಮುಂದೆ ಕೂತಿದ್ದಾನೆ. ಏನು ಮಾಡುತ್ತಿದ್ದೀಯ ಎಂದು ಕೇಳಲಿಲ್ಲ. ಬೆಳಿಗ್ಗೆ ಕಂಪ್ಯೂಟರನ್ನು ಎತ್ತಿ ಅಟ್ಟಕ್ಕೆ ಹಾಕಿ ಬೀಗ ಜಡಿದೆ. ಪರೀಕ್ಷೆ ಮುಗಿಯುವವರೆಗೆ ಇಳಿಸಲಿಲ್ಲ. ಅವನೂ ಮೂರು ತಿಂಗಳು ನನ್ನೊಡನೆ ಬೇಕಾದಷ್ಟೇ ಮಾತಾಡಿದ. ಪರೀಕ್ಷೆಯೇನೋ ಚೆನ್ನಾಗೇ ಆಯಿತು. ನಾನು ಮಾಡಿದ್ದೇ ಸರಿ ಎಂದು ನಾಲ್ಕು ಜನರ ಮುಂದೆ ಹೇಳಿಕೊಂಡೂ ಓಡಾಡಿದೆ.

ಅಂದು ರಾತ್ರಿ ಮೊಮ್ಮಗ ಮಲಗಿದ ಮೇಲೆ ಲಾಂಚರ್ ತೆರೆದೆ. ವಿಶೇಷ ಸೂಚನೆಯ ಖಾನೆಯಲ್ಲಿದ್ದದ್ದನ್ನು ಅಳಿಸಿದೆ. ಆ ಅಟ್ಟದಲ್ಲಿ ಅವನು ಯಾವ ರಾಕ್ಷಸನನ್ನು ಇಟ್ಟಿದ್ದ ಎಂದು ನೋಡಬೇಕಿತ್ತು. ನಡುಮನೆಯಲ್ಲೇ ಸತ್ತೆ. ಮತ್ತೆ ಶುರು ಮಾಡಿದೆ, ಮತ್ತೆ ಸತ್ತೆ. ನನ್ನ ಸ್ವಂತ ಮನೆಯ ನಡುಮನೆ ದಾಟಿ ನನ್ನ ಕೋಣೆ ತಲುಪಲು ಆಗಲಿಲ್ಲ. ಐದು ಸಲವಾದ ಮೇಲೆ ಸೂಚನೆಯನ್ನು ಮೊದಲಿದ್ದ ಹಾಗೇ ಬರೆದು ಮಲಗಿದೆ.

ಎರಡು ರಾಕ್ಷಸರು

ಭಾನುವಾರ ಮಗ, ಸೊಸೆ ಮೊಮ್ಮಗನನ್ನು ಕರೆದೊಯ್ಯಲು ಬಂದರು. ಹುಡುಗ ಕ್ರಿಕೆಟ್ಟಿಗೆ ಹೋಗಿದ್ದ ಹೊತ್ತಿನಲ್ಲಿ ಮಗನನ್ನು ಲ್ಯಾಪ್‌ಟಾಪಿನ ಮುಂದೆ ಕೂರಿಸಿದೆ. ಸೂಚನೆ ಅಳಿಸಿ, "ನಿನ್ನ ಅಟ್ಟಕ್ಕೆ ಹೋಗು" ಎಂದೆ. ಇಷ್ಟು ವರ್ಷವಾದರೂ ಕೈ ಮರೆತಿರಲಿಲ್ಲ. ಎರಡು ನಿಮಿಷದಲ್ಲಿ ಗೋಡೆ ಎತ್ತಿ ಮೆಟ್ಟಿಲು ಹತ್ತಿದ. ಕಂಪ್ಯೂಟರಿನ ಎರಡು ಪಕ್ಕದಲ್ಲಿ ಎರಡು ದೈತ್ಯಾಕೃತಿಗಳು ಕಾವಲು ನಿಂತಿದ್ದವು.

"ಯಾರಿವರು?" ಎಂದೆ.

"ಬಿಡಿ ಅಪ್ಪ, ಹುಡುಗಾಟಿಕೆ."

"ಹೇಳೋ."

"ಒಬ್ಬರು ಗಣಿತದ ಮೇಷ್ಟ್ರು."

"ಇನ್ನೊಬ್ಬರು?"

ಮಗ ಪರದೆ ನೋಡುತ್ತ ಕೂತ. ಅಡುಗೆಮನೆಯಿಂದ ನನ್ನಾಕೆಯ ದನಿ ಬಂತು: "ಇನ್ನೊಬ್ಬರು ಯಾರು ಅಂತ ಬೇರೆ ಕೇಳ್ಬೇಕಾ?"

ಮೊದಲು ನಕ್ಕವಳು ಸೊಸೆ. ಆಮೇಲೆ ಎಲ್ಲರೂ ನಕ್ಕೆವು. ನಗು ನಿಂತ ಮೇಲೆ, ಇಪ್ಪತ್ತೈದು ವರ್ಷ ತಡವಾಗಿ, ಹೇಳಬೇಕಾದ್ದನ್ನು ಹೇಳಿದೆ. "ನೀನು ಆಟ ಆಡ್ತಾ ಇದ್ದೀಯ ಅಂದ್ಕೊಂಡಿದ್ದೆ. ಮನೆ ಕಟ್ಟುತಾ ಇದ್ದೆ ಅಂತ ಗೊತ್ತಿರಲಿಲ್ಲ. ಕೇಳಬೇಕಿತ್ತು."

"ನಾನೂ ಹೇಳಬೇಕಿತ್ತು" ಎಂದ. "ಓದು ಬಿಟ್ಟು ಮಾಡ್ತಾ ಇದ್ದದ್ದೂ ನಿಜ ಅಲ್ವಾ ಅಪ್ಪ?" ಅದೂ ನಿಜವೇ.

ಪರೀಕ್ಷೆಯ ವರ್ಷ ಕಂಪ್ಯೂಟರನ್ನು ಅಟ್ಟಕ್ಕೆ ಹಾಕಿದ್ದು ತಪ್ಪು ಎಂದು ನಾನು ಇವತ್ತಿಗೂ ಹೇಳಲಾರೆ. ಒಂದು ಮಾತು ಕೇಳದೆ ಹಾಕಿದ್ದು ತಪ್ಪು. ಅಜ್ಜ ಅಜ್ಜಿಯರೇ, ಮಕ್ಕಳ ಕೈಯಿಂದ ಯಂತ್ರ ಕಿತ್ತುಕೊಳ್ಳುವ ಸಂದರ್ಭ ಬಂದೇ ಬರುತ್ತದೆ. ಅದಕ್ಕೆ ಮುಂಚೆ ಐದು ನಿಮಿಷ ಪಕ್ಕದಲ್ಲಿ ಕೂತು "ಏನು ಮಾಡ್ತಿದ್ದೀಯ, ತೋರಿಸು" ಎನ್ನಿ. ಮಕ್ಕಳೇ, ಯಾರೂ ಕೇಳದಿದ್ದರೆ ನೀವೇ ಕರೆದು ತೋರಿಸಿ.

ರಾಕ್ಷಸರಿಲ್ಲದ ಮನೆ ಎರಡು ವಾರದಲ್ಲಿ ಮೊಮ್ಮಗನಿಗೆ ಸಾಕಾಗಿತ್ತು. ಅದಕ್ಕೂ ಲಾಂಚರಿನಲ್ಲೇ ದಾರಿ ಸಿಕ್ಕಿತು. ಅಮೆರಿಕದಲ್ಲಿ 1996ರಲ್ಲಿ ಚೆಕ್ಸ್ ಎಂಬ ಉಪಾಹಾರದ ಪೊಟ್ಟಣದೊಳಗೆ ಮಕ್ಕಳಿಗೆಂದು ಒಂದು ಆಟದ ಸಿ.ಡಿ. ಇಟ್ಟು ಕೊಡುತ್ತಿದ್ದರು, ಚೆಕ್ಸ್ ಕ್ವೆಸ್ಟ್ ಎಂದು. ಓಡಿಸುವುದು ಅದೇ ಡೂಮ್ ಎಂಜಿನ್. ಆದರೆ ಅದರಲ್ಲಿ ರಕ್ತವಿಲ್ಲ, ಸಾವಿಲ್ಲ. ಲೊಳೆ ಲೊಳೆಯಾದ ಹಸಿರು ಜೀವಿಗಳನ್ನು ಒಂದು ಯಂತ್ರದಿಂದ ಅವುಗಳ ಲೋಕಕ್ಕೇ ವಾಪಸು ಕಳಿಸುವುದು, ಅಷ್ಟೇ. ಆ ಆಟ ಮಾಡಿದ ತಂಡದಲ್ಲಿದ್ದ ಕಲಾವಿದ ಚಾರ್ಲ್ಸ್ ಜಾಕೋಬಿ 2008ರಲ್ಲಿ ಅದರ ಮೂರನೇ ಭಾಗವನ್ನು ಉಚಿತವಾಗಿ ಕೊಟ್ಟರು. ಜಿಝಡ್‌ಡೂಮ್ ಅದನ್ನು ಐವ್ಯಾಡ್ ಎಂದೇ ಗುರುತಿಸುತ್ತದೆ. ಲಾಂಚರಿನಲ್ಲಿ ಒಂದು ಸಾಲು ಸೇರಿಸಿದರೆ ಆಯಿತು. ಸೊಸೆ ತಾನೇ ಒಂದು ಸುತ್ತು ಆಡಿ ನೋಡಿ ಒಪ್ಪಿಗೆ ಕೊಟ್ಟಳು. ಒಂದು ಸುತ್ತು ಎಂದದ್ದು ನಾಲ್ಕಾಯಿತು.

ಹೊರಡುವ ಮುಂಚೆ ಮೊಮ್ಮಗ ನನ್ನ ಟೇಪ್ ಇಸಿದುಕೊಂಡು ಈಗಿನ ಮನೆಯನ್ನೆಲ್ಲ ಅಳೆದ. ಸ್ಲೇಡ್, ಅಲ್ಟಿಮೇಟ್ ಡೂಮ್ ಬಿಲ್ಡರ್ ಎಂಬ ಉಚಿತ ಪ್ರೋಗ್ರಾಮುಗಳಲ್ಲಿ ಈಗ ಯಾರು ಬೇಕಾದರೂ ನಕ್ಷೆ ಕಟ್ಟಬಹುದಂತೆ. ಅವನಪ್ಪ ಕಲಿಸುತ್ತೇನೆ ಎಂದಿದ್ದಾನೆ. ಸ್ಕೇಲ್ ಈ ಸಲ ಸರಿಯಾಗಿರಲಿ ಎಂದು ಅಳತೆಗಳನ್ನೆಲ್ಲ ನಾನೇ ಒಂದು ಹಳೇ ಲೆಡ್ಜರ್ ಹಾಳೆಯಲ್ಲಿ ಬರೆದುಕೊಟ್ಟೆ, ಎರಡು ಸಲ ಪರಿಶೀಲಿಸಿ, ಕೆಳಗೆ ಸಹಿ ಹಾಕಿ.

"ಅಜ್ಜ, ಈ ಮನೆಗೆ ಅಟ್ಟ ಇಲ್ವಲ್ಲ?" ಎಂದ.

"ಇಲ್ಲದಿರೋದೇ ಒಳ್ಳೇದು" ಎಂದೆ.